ಏಳನೆಯ ಸೂಚನೆ

ಬಿ.ಸಿ. ರೋಡಿನ ಫಿಸಿಯೋಥೆರಪಿಯ ಇತಿಹಾಸವನ್ನು ಯಾರಾದರೂ ಬರೆಯುವುದಾದರೆ, ಅಂಥ ಪುರುಸೊತ್ತು ಯಾರಿಗಾದರೂ ಇದ್ದರೆ, ಆ ಗುರುವಾರ ಬೆಳಿಗ್ಗೆ ಒಂಬತ್ತೂಕಾಲಕ್ಕೆ ನಡೆದ ಸಂಗತಿಗೆ ಒಂದು ಅಧ್ಯಾಯವನ್ನಾದರೂ ಬಿಟ್ಟುಕೊಡಬೇಕಾಗುತ್ತದೆ: ನಿತ್ಯಾನಂದನ ಕ್ಲಿನಿಕ್ಕಿನಲ್ಲಿ ಬೆನ್ನುನೋವಿನ ಚೀಟಿ ಮುಗಿಯಿತು. ಮೇಜಿನ ಎಡ ಡ್ರಾಯರಿನಲ್ಲಿ ಸದಾ ಒಂದು ಕಟ್ಟು ಇರುತ್ತಿದ್ದ ಜಾಗದಲ್ಲಿ ಈಗ ಕಟ್ಟಿನ ರಬ್ಬರ್ ಬ್ಯಾಂಡ್ ಮಾತ್ರ ಇತ್ತು. ಹದಿನೆಂಟು ವರ್ಷದಲ್ಲಿ ಶಾಖದ ಯಂತ್ರ ಸುಟ್ಟದ್ದುಂಟು, ಗೋಡೆಗೆ ತೂಗುಹಾಕಿದ ಪ್ಲಾಸ್ಟಿಕ್ಕಿನ ಬೆನ್ನುಮೂಳೆಯಿಂದ ಎರಡು ಮಣಿ ಕಳಚಿಬಿದ್ದು ಯಾರೋ ಮಕ್ಕಳು ಒಯ್ದದ್ದುಂಟು, ಚೀಟಿ ಮುಗಿದದ್ದಿಲ್ಲ. ಅರ್ಧ ಹಾಳೆಯ ಚೀಟಿ ಅದು. ಮೇಲೆ ಮುಖವಿಲ್ಲದ ಒಬ್ಬ ಮನುಷ್ಯ ಅಂಗಾತ ಮಲಗಿ ಮೊಣಕಾಲು ಮಡಚಿದ ಚಿತ್ರ, ಕೆಳಗೆ ಒಂಬತ್ತು ಸೂಚನೆ. ಕ್ಲಿನಿಕ್ ತೆರೆದ ವರ್ಷ ನಿತ್ಯಾನಂದನೇ ಇಂಗ್ಲಿಷಿನಿಂದ ಕನ್ನಡಕ್ಕೆ ಇಳಿಸಿ, ಕೆಳಗಿನ ಅಂಗಡಿಯ ಮಾಯಿಲಪ್ಪನಲ್ಲಿ ಟೈಪ್ ಮಾಡಿಸಿದ್ದು. ಆಮೇಲೆ ಝೆರಾಕ್ಸಿನ ಝೆರಾಕ್ಸ್, ಅದರ ಝೆರಾಕ್ಸ್. ಮುಖವಿಲ್ಲದ ಮನುಷ್ಯನಿಗೆ ಈಗ ಪಾದಗಳೂ ಇರಲಿಲ್ಲ. "ಡಾಕ್ಟ್ರೇ, ಇನ್ನೆರಡು ಸಲ ತೆಗೆದ್ರೆ ಅವನು ಪೂರ್ತಿ ಗುಣ ಆಗಿ ಹೋಗ್ತಾನೆ, ಕಾಗದ ಮಾತ್ರ ಉಳೀತದೆ" ಎಂದು ಮಾಯಿಲಪ್ಪ ಕಳೆದ ಸಲವೇ ಹೇಳಿದ್ದ.

ಶನಿವಾರ ಬೆಳ್ತಂಗಡಿ, ಮಂಗಳವಾರ ಮೂಡುಬಿದಿರೆ, ಉಳಿದ ದಿನ ಇಲ್ಲಿ. ಮೂರೂರಿನ ಮೂರು ಬಾಡಿಗೆ ಕೋಣೆಗಳಲ್ಲಿ ನಿತ್ಯಾನಂದ ನಲವತ್ತಾರು ವರ್ಷದವನಾಗಿದ್ದ. ಮೂರೂರಲ್ಲೂ ಅವನ ಹೆಸರು 'ಕರೆಂಟ್ ಕೊಡುವ ಡಾಕ್ಟ್ರು'. ಮೊದಮೊದಲು, ತಾನು ಕೊಡುವುದು ಕರೆಂಟಲ್ಲ, ಕರೆಂಟು ಚಿಕಿತ್ಸೆಯ ಸಣ್ಣ ಭಾಗ, ಮುಖ್ಯವಾದದ್ದು ವ್ಯಾಯಾಮ ಎಂದು ವಿವರಿಸುತ್ತಿದ್ದ. ಜನ ತಾಳ್ಮೆಯಿಂದ ಕೇಳಿ, ಕೊನೆಗೆ "ಹಾಗಾದ್ರೆ ಇವತ್ತು ಕರೆಂಟ್ ಇಲ್ವಾ?" ಅನ್ನುತ್ತಿದ್ದರು. ಈಗ ವಿವರಿಸುವುದಿಲ್ಲ. ಕರೆಂಟ್ ಕೊಡುತ್ತಾನೆ, ಚೀಟಿ ಕೊಡುತ್ತಾನೆ. ಚೀಟಿ ಕೊಡುವಾಗ ಪೆನ್ನಿನಿಂದ ಒಂದೆರಡು ಸೂಚನೆಗೆ ಅಡಿಗೆರೆ ಎಳೆಯುತ್ತಾನೆ. ಗೆರೆ ಎಳೆದದ್ದಕ್ಕೆ ಜನ ಹೆಚ್ಚು ಬೆಲೆ ಕೊಡುತ್ತಾರೆಂದು ಅನುಭವದಿಂದ ಕಂಡುಕೊಂಡಿದ್ದ.

"ಸರ್, ಹೊಸತಾಗಿ ಟೈಪ್ ಮಾಡಿಸುವುದಾದ್ರೆ ಒಮ್ಮೆ ಓದಿ ನೋಡುವ ಅಲ್ವಾ?" ಎಂದಳು ವಿಸ್ಮಿತಾ. ಕಳೆದ ವರ್ಷ ಸೇರಿದ ಸಹಾಯಕಿ, ಇಪ್ಪತ್ತಾರರವಳು, ಓದುತ್ತಾಳೆ. ಈ ಕೊನೆಯ ಗುಣ ಕ್ಲಿನಿಕ್ಕಿನಲ್ಲಿ ಒಂದು ಹೊಸ ಯಂತ್ರ ಬಂದ ಹಾಗೆ ಜಾಗ ಹಿಡಿದಿತ್ತು. ಮೂರೂರಿನ ಎಂಟು ಮಂದಿ ಫಿಸಿಯೋಥೆರಪಿಸ್ಟರನ್ನು ಸೇರಿಸಿ ಅವಳು ಒಂದು ಓದುವ ಬಳಗ ಕಟ್ಟಿದ್ದಳು. ತಿಂಗಳ ಎರಡನೇ ಭಾನುವಾರ ಮೂಡುಬಿದಿರೆಯ ಹೋಟೆಲೊಂದರ ಮಹಡಿಯಲ್ಲಿ ಒಬ್ಬರು ಒಂದು ಸಂಶೋಧನಾ ಲೇಖನ ವಿವರಿಸುವುದು, ಉಳಿದವರು ಗೋಳಿಬಜೆ ತಿನ್ನುತ್ತಾ ತಲೆದೂಗುವುದು. ಉಳಿದ ದಿನ ವಾಟ್ಸಾಪಿನಲ್ಲಿ ಲೇಖನಗಳು ಬೀಳುತ್ತಿದ್ದವು. ನಿತ್ಯಾನಂದ ಪ್ರತಿಯೊಂದಕ್ಕೂ ತಪ್ಪದೆ ಮೆಚ್ಚುಗೆಯ ಹೆಬ್ಬೆರಳು ಒತ್ತುತ್ತಿದ್ದ. ಮೂವತ್ತೆರಡು ಪುಟದ ಒಂದು ಲೇಖನಕ್ಕೆ ಅದು ಬಂದ ನಾಲ್ಕೇ ಸೆಕೆಂಡಿನಲ್ಲಿ ಹೆಬ್ಬೆರಳು ಬಿದ್ದದ್ದನ್ನು ವಿಸ್ಮಿತಾ ಗಮನಿಸಿದ್ದಳು. ಗಮನಿಸಿದ್ದನ್ನು ಹೇಳುವಷ್ಟು ಕೆಟ್ಟವಳಲ್ಲ, ಹೇಳಲಿಲ್ಲವೆಂದು ಅವನಿಗೆ ಗೊತ್ತಾಗದಿರುವಷ್ಟು ಒಳ್ಳೆಯವಳೂ ಅಲ್ಲ. ಅವನ ಲ್ಯಾಪ್‌ಟಾಪಿನಲ್ಲಿ 'ಓದಲಿಕ್ಕೆ ಉಂಟು' ಎಂಬ ಹೆಸರಿನ ಕಡತವೊಂದಿತ್ತು. ಅದರಲ್ಲಿ ನಾನ್ನೂರು ಚಿಲ್ಲರೆ ಲೇಖನಗಳಿದ್ದವು. ಕ್ಯಾಮರಾ ಆರಿಸಿ ನಿದ್ದೆ ಮಾಡಿದ ಆನ್‌ಲೈನ್ ಉಪನ್ಯಾಸಗಳ ಪ್ರಮಾಣಪತ್ರಗಳು ಇನ್ನೊಂದರಲ್ಲಿ. ಅವುಗಳಲ್ಲಿ ಎರಡಕ್ಕೆ ಚೌಕಟ್ಟು ಹಾಕಿಸಿ ಗೋಡೆಗೂ ತೂಗಿಸಿದ್ದ. ಮಧ್ಯಾಹ್ನದ ಊಟವಾದ ಮೇಲೆ ಯಾವ ಲೇಖನದ ಮೊದಲ ಪ್ಯಾರಾದಲ್ಲೂ ಅವನಿಗೆ ಒಂದೇ ತೂಕದ ನಿದ್ದೆ ಬರುತ್ತಿತ್ತು.

"ಏಳನೇದು ನನಗೆ ಸರಿ ಕಾಣುವುದಿಲ್ಲ ಸರ್."

"ಏಳನೇದಕ್ಕೆ ಎಂತಾಗಿದೆ?"

"ಮುಂದಕ್ಕೆ ಬಗ್ಗಬಾರದು, ಯಾವ ಕಾರಣಕ್ಕೂ, ಅಂತ ಉಂಟು. ಎಷ್ಟು ದಿನ ಅಂತ ಇಲ್ಲ. ಈಗ ಯಾರೂ ಹಾಗೆ ಹೇಳುವುದಿಲ್ಲ. ಹೆದರಿಸಿ ಬಗ್ಗದೇ ಇಟ್ಟರೆ ಬೆನ್ನು ಇನ್ನೂ ಹಾಳು. ನಾನು ಕಳಿಸಿದ ಲೇಖನದಲ್ಲೇ ಇತ್ತಲ್ಲ."

"ಓದಿದ್ದೇನೆ."

"ಯಾವುದು ಸರ್?"

ನಿತ್ಯಾನಂದ ಕಪಾಟಿನ ಮೇಲಿನ ಅರೆಯಿಂದ ನೀಲಿ ರಟ್ಟಿನ ಪುಸ್ತಕ ತೆಗೆದ. ಪುಸ್ತಕವೆಂದರೆ ಪುಸ್ತಕದ ಝೆರಾಕ್ಸ್. ಕಾಲೇಜಿನ ಲೈಬ್ರರಿಯಲ್ಲಿ ಮೂಲ ಪ್ರತಿ ಒಂದೇ ಇತ್ತು, ಮನೆಗೆ ಕೊಡುತ್ತಿರಲಿಲ್ಲ. ಎದುರಿನ ಅಂಗಡಿಯವನು ಇಡೀ ಪುಸ್ತಕವನ್ನು ಎರಡೆರಡು ಪುಟವಾಗಿ ತೆಗೆದು ತಂತಿಯ ಸುರುಳಿ ಹಾಕಿ ಕೊಡುತ್ತಿದ್ದ; ತರಗತಿಯ ಅರವತ್ತು ಜನರೂ ಪಾಸಾದದ್ದು ಆ ಅಂಗಡಿಯವನ ಕೃಪೆಯಿಂದ. "ಬುಕ್ಕಿನಲ್ಲಿ ಇದ್ದದ್ದನ್ನೇ ಬರೆದದ್ದು ನಾನು" ಎಂದು ಇನ್ನೂರ ಹದಿನಾಲ್ಕನೆಯ ಪುಟ ತೆರೆದು, ಕಡೆಯ ಸಾಲಿನ ಮೇಲೆ ಬೆರಳಿಟ್ಟ. ಮುಂದಕ್ಕೆ ಬಗ್ಗುವುದನ್ನು ತಪ್ಪಿಸತಕ್ಕದ್ದು. ವಿಸ್ಮಿತಾ ನೋಡಿದಳು. ತನ್ನ ಫೋನಿನಲ್ಲಿ ಏನನ್ನೋ ಹುಡುಕತೊಡಗಿದಳು. ಹೊರಗೆ ಬೆಂಚಿನಲ್ಲಿ ಕುತ್ತಿಗೆನೋವಿನ ಒಬ್ಬರು ಕೆಮ್ಮಿ ತಾನಿದ್ದೇನೆಂದು ತಿಳಿಸಿದರು. ಐದು ನಿಮಿಷದಲ್ಲಿ ಅವಳು ಅದೇ ಪುಸ್ತಕದ, ಅದೇ ಮುದ್ರಣದ, ಅದೇ ಪುಟವನ್ನು ಅವನ ಮುಂದೆ ಹಿಡಿದಳು. ಯಾವುದೋ ದೇಶದ ಲೈಬ್ರರಿಯವರು ಅಚ್ಚುಕಟ್ಟಾಗಿ ಸ್ಕ್ಯಾನ್ ಮಾಡಿಟ್ಟಿದ್ದರು. ಅದರಲ್ಲಿ ಪುಟದ ಕೆಳಗೆ ಇನ್ನೊಂದು ಸಾಲಿತ್ತು: ಮೊದಲ ಆರು ವಾರಗಳ ಮಟ್ಟಿಗೆ ಮಾತ್ರ; ಆ ಬಳಿಕ ಬಗ್ಗುವುದನ್ನು ಪುನಃ ಕಲಿಸತಕ್ಕದ್ದು.

ಅವನು ತನ್ನ ಪ್ರತಿಯನ್ನು ಕಣ್ಣಿಗೆ ಹತ್ತಿರ ತಂದ. ದಪ್ಪ ಪುಸ್ತಕ, ಅಂಗಡಿಯವನು ಸರಿಯಾಗಿ ಒತ್ತಿಹಿಡಿದಿರಲಿಲ್ಲ. ಎಡಗಡೆಯ ಪುಟಗಳಲ್ಲಿ ಕೊನೆಯ ಸಾಲು ಗಾಜಿನ ಆಚೆ ಉಳಿದುಹೋಗಿತ್ತು. ತಾನು ಸಾವಿರ ಸಲ ನೋಡಿದ ಪುಟ. ತನ್ನ ಪ್ರತಿಯ ಕೊನೆಯ ಶಬ್ದದ ಮುಂದೆ ಪೂರ್ಣವಿರಾಮ ಇರಲಿಲ್ಲ. ಇಪ್ಪತ್ತಾರು ವರ್ಷದಿಂದ ಇರಲಿಲ್ಲ. ಅದನ್ನು ಇಟ್ಟವನು ತಾನೇ. ಇಟ್ಟದ್ದಲ್ಲದೆ 'ಯಾವ ಕಾರಣಕ್ಕೂ' ಎಂದು ಕೈಯಿಂದ ಎರಡು ಶಬ್ದ ಸೇರಿಸಿದವನೂ ತಾನೇ. ಆಗ ಇಪ್ಪತ್ತೆಂಟು ವರ್ಷ, ಮೀಸೆ ಸರಿಯಾಗಿ ದಪ್ಪಗಾಗಿರಲಿಲ್ಲ, ಡಾಕ್ಟರರ ಹಾಗೆ ಕೇಳಿಸಬೇಕಿತ್ತು.

"ಎಲ್ರಿಗೂ ಆಗ್ತದೆ ಸರ್" ಎಂದಳು ವಿಸ್ಮಿತಾ. ಇದಕ್ಕಿಂತ ಅವಳು ನಕ್ಕಿದ್ದರೆ ಚೆನ್ನಾಗಿತ್ತು.

ಕುತ್ತಿಗೆನೋವಿನವರಿಗೆ ಕರೆಂಟ್ ಹಚ್ಚಿ ಕೂತಾಗ ಅವನಿಗೆ ಒಂದು ಸಮಾಧಾನ ಹೊಳೆಯಿತು, ಹೊಳೆದದ್ದೇ ಅದನ್ನು ಗಟ್ಟಿಯಾಗಿ ಹಿಡಿದುಕೊಂಡ. ಚೀಟಿಯನ್ನು ಪಾಲಿಸುವವರು ಯಾರು? ಹದಿನೆಂಟು ವರ್ಷದ ಅನುಭವದಲ್ಲಿ ವ್ಯಾಯಾಮ ಮಾಡಿದ ರೋಗಿಯನ್ನು ಅವನು ಬೆರಳಲ್ಲಿ ಎಣಿಸಬಲ್ಲ. ಚೀಟಿಗಳು ವಾಮದಪದವಿನ ಬಸ್ಸಿನ ಕಿಟಕಿಯಿಂದ ಹಾರಿಹೋಗಿವೆ, ಮೀನಿನ ಚೀಲದಲ್ಲಿ ಒದ್ದೆಯಾಗಿವೆ. ಚಾರ್ಮಾಡಿಯ ಒಬ್ಬ ಲಾರಿ ಡ್ರೈವರು ಮೂರನೇ ಸಲ ಬಂದಾಗ ಕಿಸೆಯಿಂದ ಚೀಟಿ ತೆಗೆದರೆ ಅದರ ಬೆನ್ನಿಗೆ ಟಯರ್ ಅಂಗಡಿಯ ಫೋನ್ ನಂಬರುಗಳಿದ್ದವು. ಈ ದೇಶದ ಬೆನ್ನುಗಳು ಉಳಿದದ್ದು ಜನರ ಅವಿಧೇಯತೆಯಿಂದ. ತಪ್ಪು ಚೀಟಿ ಕೊಟ್ಟವನಿಗೂ ಸರಿ ಚೀಟಿ ಕೊಟ್ಟವನಿಗೂ ಫಲಿತಾಂಶದಲ್ಲಿ ವ್ಯತ್ಯಾಸವಿಲ್ಲ; ಬೇಕಾದರೆ ಎರಡನೇ ಭಾನುವಾರ ಇದನ್ನೇ ಒಂದು ಪ್ರಬಂಧವಾಗಿ ಮಂಡಿಸಬಹುದು. ಒಬ್ಬರೇ ಒಬ್ಬರು, ಅವನಿಗೆ ತಿಳಿದ ಹಾಗೆ, ಒಬ್ಬರೇ ಒಬ್ಬರು ಚೀಟಿಯನ್ನು ಅಕ್ಷರಶಃ ಪಾಲಿಸುವವರು ಯಾರೆಂದರೆ, ಎಂದು ಯೋಚನೆ ತನ್ನಷ್ಟಕ್ಕೆ ಇನ್ನೊಂದು ಹೆಜ್ಜೆ ಇಟ್ಟಿತು, ಆಗ ಯಂತ್ರ ಗುಯ್ಯೆಂದು ಸಮಯ ಮುಗಿಯಿತೆಂದಿತು, ಕುತ್ತಿಗೆನೋವಿನವರು "ಇನ್ನೈದು ನಿಮಿಷ ಇಡಿ ಡಾಕ್ಟ್ರೇ" ಅಂದರು, ಅವನು ಇಟ್ಟ.

ಕಲ್ಲಡ್ಕದ ಸೌದಾ. ಅವರ ಗಂಡ ಅಬ್ದುಲ್ ಹಕೀಂ, ಬಟ್ಟೆ ಅಂಗಡಿಯನ್ನು ಮಗನಿಗೆ ಬಿಟ್ಟು ಈಗ ಮನೆಯಲ್ಲಿರುವವರು, ಭುಜ ಹಿಡಿದುಕೊಂಡು ತಿಂಗಳಾಗಿತ್ತು. ಅವರಿಗಾಗಿ ಗುರುವಾರ ಮೂರೂವರೆಗೆ ನಿತ್ಯಾನಂದ ಮನೆಗೇ ಹೋಗುತ್ತಿದ್ದ. ಮೂರು ಗುರುವಾರದಿಂದ ಆ ಮನೆಯ ನಡುಕೋಣೆಯ ಮೂಲೆಯಲ್ಲಿ ನಮಾಝಿನ ದಿಕ್ಕಾದ ಕಿಬ್ಲಾದ ಕಡೆ ಮುಖಮಾಡಿ ಇಟ್ಟ ಮರದ ಕುರ್ಚಿಯನ್ನು ನೋಡಿದ್ದ. ಕಾಲುಗಳಿಗೆ ರಬ್ಬರಿನ ಬುಷ್, ಕೂರುವಲ್ಲಿ ಹೂವಿನ ಕವಚದ ದಿಂಬು. ನೋಡಿದ್ದ, ತನ್ನ ಕೆಲಸವೆಂದು ನೋಡಿರಲಿಲ್ಲ.

ಮಧ್ಯಾಹ್ನ ಕಾಂತಿ ಬಡಿಸಿದ್ದನ್ನು ಅರ್ಧ ಬಿಟ್ಟು ಎದ್ದ. "ಎಂತ, ಮೀನು ಹಿಡಿಸಲಿಲ್ವಾ?" ಎಂದಳು ಹೆಂಡತಿ. ಹಿಡಿಸಿದೆ ಎಂದ. ಹಿಡಿಸಿದ್ದರೆ ಮೀನು ಬಟ್ಟಲಲ್ಲಿ ಯಾಕೆ ಉಂಟು ಎಂದು ಅವಳು ಕೇಳಿದ್ದು ಸರಿಯಾಗಿಯೇ ಇತ್ತು. ಸ್ಕೂಟರಿನಲ್ಲಿ ಹೆದ್ದಾರಿಗೆ ಬಂದು, ಪಾಣೆಮಂಗಳೂರಿನ ಸೇತುವೆಯ ಮೇಲೆ ನೇತ್ರಾವತಿಯ ಬಿಸಿಗಾಳಿಗೆ ಕಣ್ಣು ಕಿರಿದುಮಾಡಿ ಹೋಗುವಾಗ ಹೇಳಬೇಕಾದ ಮಾತನ್ನು ಸಿದ್ಧಪಡಿಸಿಕೊಂಡ. ಮೂರು ರೀತಿ ಹೇಳಬಹುದಿತ್ತು. ನಿಮಗೆ ಈಗ ಗುಣವಾಗಿದೆ, ಇನ್ನು ಬಗ್ಗಬಹುದು. ಇದರಲ್ಲಿ ಎಲ್ಲರಿಗೂ ಸಂತೋಷ, ಡಾಕ್ಟರರಿಗೂ ಮರ್ಯಾದೆ. ವಿಜ್ಞಾನ ಬದಲಾಗಿದೆ, ಹಿಂದೆ ಹಾಗೆ ಹೇಳುತ್ತಿದ್ದರು ಈಗ ಹೀಗೆ ಹೇಳುತ್ತಾರೆ. ಇದರಲ್ಲಿ ತಪ್ಪು ವಿಜ್ಞಾನದ್ದು, ಅದಕ್ಕೆ ಬೆನ್ನು ದೊಡ್ಡದು. ಮೂರನೆಯದು ಕೊನೆಯ ಸಾಲಿಲ್ಲದ ಪುಟ. ಮೂರನೆಯದು ಬಾಯಿಗೆ ಬರುವಾಗ ಸ್ಕೂಟರಿನ ಸದ್ದು ಜಾಸ್ತಿಯಾದಂತಾಗಿ ತನಗೇ ಕೇಳಿಸಲಿಲ್ಲ. ಬದಲಿಗೆ ಹನ್ನೊಂದು ವರ್ಷದ ಹಿಂದಿನ ಒಂದು ಸಂಜೆ ಕೇಳಿಸಿತು. ಬುರ್ಕಾದೊಳಗೆ ನೋವಿಗೆ ಒಂದು ಕಡೆ ವಾಲಿ ನಿಂತ ಹೆಂಗಸು, ನಲವತ್ತೇಳು ವರ್ಷ, ಸೊಂಟದಿಂದ ಹಿಮ್ಮಡಿಯವರೆಗೆ ಇಳಿಯುವ ನೋವು. ಹೊರಗೆ ಹದಿನೇಳು ಜನ ಕಾಯುತ್ತಿದ್ದರು. ಚೀಟಿಯನ್ನು ನಿಂತಲ್ಲೇ ಓದಿ ಮುಗಿಸಿ, "ನಮಾಝಿಗೆ?" ಎಂದು ಒಂದೇ ಶಬ್ದ ಕೇಳಿದ್ದರು. ಅವನು ಪೆನ್ನಿನಿಂದ ಏಳನೆಯದಕ್ಕೆ ಗೆರೆ ಎಳೆದ. ಎರಡು ಗೆರೆ. "ಯಾವ ಕಾರಣಕ್ಕೂ ಅಂದ್ರೆ ಯಾವ ಕಾರಣಕ್ಕೂ. ಕುರ್ಚಿಯಲ್ಲಿ ಕೂತು ಮಾಡಬಹುದಲ್ಲ, ನಿಮ್ಮಲ್ಲಿ ಅದಕ್ಕೆ ಒಪ್ಪಿಗೆ ಉಂಟು." ಬೇರೆಯವರ ಧರ್ಮದ ಇಂಥ ಸೂಕ್ಷ್ಮ ತನಗೆ ಗೊತ್ತಿದೆಯೆಂದು ಆ ಇಡೀ ಸಂಜೆ ಅವನು ತನ್ನ ಬಗ್ಗೆ ಸಂತೋಷದಲ್ಲಿದ್ದ.

ಹಕೀಂ ಹಜಾರದ ಸೋಫಾದಲ್ಲಿ ಕೂತಿದ್ದರು. ಆ ಮನೆಯಲ್ಲಿ ಮಾತು ತುಳುವಿನಲ್ಲಿ ಶುರುವಾಗಿ, ಕಾಯಿಲೆಯ ವಿಷಯ ಬಂದ ಕೂಡಲೇ ಕನ್ನಡಕ್ಕೆ ತಿರುಗುತ್ತಿತ್ತು. ಕಾಯಿಲೆಯೂ ತಾಲೂಕು ಕಚೇರಿಯ ಹಾಗೆ, ಅಲ್ಲಿ ಊರಮಾತು ಸಲ್ಲದು.

"ಎಕ್ಸರ್ಸೈಜ್ ಮಾಡಿದ್ರಾ ಹಾಜಿಯವ್ರೇ?"

"ಮಾಡಿದೆ. ಮನಸ್ಸಿನಲ್ಲಿ."

"ಗೋಡೆಯಲ್ಲಿ ಬೆರಳು ಹತ್ತಿಸ್ಲಿಕ್ಕೆ ಹೇಳಿದ್ದೆ."

"ಪೈಂಟ್ ಹೋಗ್ತದೆ ಅಂತ ಇವಳು ಬಿಡುವುದಿಲ್ಲ" ಎಂದು ಸೊಸೆಯ ಕಡೆ ಗದ್ದ ತೋರಿಸಿದರು.

"ಸುಳ್ಳು ಡಾಕ್ಟ್ರೇ" ಎಂದಳು ಜುವೈರಿಯಾ, ಒಳಬಾಗಿಲಲ್ಲಿ ನಿಂತು. "ಟಿವಿಯ ಮೇಲಿಂದ ರಿಮೋಟ್ ತೆಗೀಲಿಕ್ಕೆ ಮಾವನ ಕೈ ಸರಿಯಾಗಿ ಹೋಗ್ತದೆ. ಗೋಡೆಗೆ ಮಾತ್ರ ಹೋಗುವುದಿಲ್ಲ. ಉಮ್ಮನನ್ನು ನೋಡಿ ಕಲೀರಿ ಅಂತ ದಿನಾ ಹೇಳ್ತೇನೆ."

ಉಮ್ಮನೆಂದರೆ ಅತ್ತೆ. ನಿತ್ಯಾನಂದ ಹಕೀಮರ ಕೈಯನ್ನು ನಿಧಾನ ಎತ್ತುತ್ತಾ, ತೆರೆದ ಬಾಗಿಲಿಂದ ನಡುಕೋಣೆಯ ಗೋಡೆಯನ್ನು ನೋಡಿದ. ಸ್ವಿಚ್ಚುಗಳ ಪಕ್ಕ ನಮಾಝಿನ ವೇಳೆಯ ಕ್ಯಾಲೆಂಡರು, ಅದರ ಪಕ್ಕ ಮೊಳೆಗೆ ತೂಗುಹಾಕಿದ ಅರ್ಧ ಹಾಳೆ, ಲ್ಯಾಮಿನೇಷನ್ ಮಾಡಿದ್ದು. ಇಲ್ಲಿ ಮುಖವಿಲ್ಲದ ಮನುಷ್ಯನಿಗೆ ಪಾದಗಳಿದ್ದವು. ಅವನ ಚೀಟಿಗೆ ಇಷ್ಟು ಗೌರವ ಇನ್ನೆಲ್ಲೂ ಸಿಕ್ಕಿರಲಿಲ್ಲ, ಅವನ ಸ್ವಂತ ಕ್ಲಿನಿಕ್ಕಿನಲ್ಲೂ. ಹಕೀಂ ಹಾ ಎಂದರು. ಎತ್ತಬೇಕಾದ್ದಕ್ಕಿಂತ ಹೆಚ್ಚು ಎತ್ತಿಬಿಟ್ಟಿದ್ದ.

ಸೌದಾ ಚಹಾ ತಂದು ಟೀಪಾಯಿಯ ಮೇಲಿಟ್ಟರು. ಇಡುವಾಗ ಸೊಂಟದಿಂದ ಬಗ್ಗಲಿಲ್ಲ. ಬೆನ್ನನ್ನು ಕೋಲಿನಂತೆ ನೆಟ್ಟಗಿಟ್ಟು, ಒಂದು ಕಾಲು ಹಿಂದಕ್ಕೆ ಸರಿಸಿ, ಇಡೀ ದೇಹವನ್ನು ಮೆಟ್ಟಿಲಿಳಿಸಿದಂತೆ ಸ್ವಲ್ಪ ಕೆಳಗಿಳಿಸಿ, ಟ್ರೇಯಿಂದ ಲೋಟಗಳನ್ನು ಜಾರಿಸಿದರು. ಆರನೆಯ ಸೂಚನೆ. ಅದನ್ನೂ ಅವನೇ ಬರೆದದ್ದು.

"ಸೌದಾಕ್ಕ" ಎಂದ. "ನೀವಿನ್ನು ಬಗ್ಗಬಹುದು."

"ಯಾರು?"

"ನೀವು. ನಮಾಝಿಗೆಲ್ಲ. ಕುರ್ಚಿ ಬೇಡ. ನಿಮಗೆ ಗುಣ ಆಗಿದೆ."

ಸೌದಾ ಟ್ರೇ ಎದೆಗೆ ಹಿಡಿದುಕೊಂಡು ನಿಂತರು. "ಯಾವಾಗ ಆಯ್ತು?"

ಅವನು ಚಹಾ ತೆಗೆದುಕೊಂಡ.

"ಅಲ್ಲ, ಕೇಳಿದ್ದು. ನನ್ನನ್ನು ನೀವು ಪರೀಕ್ಷೆ ಮಾಡದೆ ಹತ್ತು ವರ್ಷ ಆಯ್ತಲ್ಲ. ಇಲ್ಲಿ ಕೂತು ಇವರ ಕೈ ಎಳೀವಾಗ ನನ್ನ ಬೆನ್ನು ಗುಣ ಆದದ್ದು ಗೊತ್ತಾಯ್ತಾ?"

"ಇವಳು ವಕೀಲೆ ಆಗ್ಬೇಕಿತ್ತು" ಎಂದರು ಹಕೀಂ ಸಂತೋಷದಿಂದ. "ನಲವತ್ತು ವರ್ಷದಿಂದ ನಾನೊಬ್ಬನೇ ಸೋಲುವುದು."

"ಹಾಗಲ್ಲ ಸೌದಾಕ್ಕ. ವಿಜ್ಞಾನ ಬದಲಾಗ್ತದೆ. ಆಗ ಬಗ್ಗಬಾರದು ಅಂತಿದ್ರು, ಈಗ ಹೊಸ ಸಂಶೋಧನೆ ಬಂದಿದೆ. ನಾವೆಲ್ಲ ಒಂದು ಓದುವ ಬಳಗ ಮಾಡಿದ್ದೇವೆ, ತಿಂಗಳು ತಿಂಗಳು ಲೇಖನ ಓದ್ತೇವೆ." ಓದುತ್ತೇವೆ ಎನ್ನುವಾಗ ಅವನ ಹೆಬ್ಬೆರಳು ತಾನಾಗಿ ಒಮ್ಮೆ ಆಡಿತು.

"ಇದು ಯಾವ ವರ್ಷ ಗೊತ್ತಾದದ್ದು ಡಾಕ್ಟ್ರೇ?" ಎಂದಳು ಜುವೈರಿಯಾ. ಮಂಗಳೂರಿನಲ್ಲಿ ಬಿ.ಎಸ್ಸಿ. ಮಾಡಿದವಳು, ಕೇಳಿದ್ದು ಕುಹಕಕ್ಕಲ್ಲ, ತಿಳಿಯಲಿಕ್ಕೆ. ಅದೇ ಕಷ್ಟ.

"ಇತ್ತೀಚೆಗೆ."

"ಮಕ್ಕಾಕ್ಕೆ ಉಮ್ರಾಕ್ಕೆ ಹೋದದ್ದು ಆರು ವರ್ಷ ಆಯ್ತು" ಎಂದರು ಸೌದಾ, ಯಾರಿಗೂ ಎಂದಲ್ಲ. "ಆಗ ಗೊತ್ತಿತ್ತಾ ಅಂತ ಅವಳು ಕೇಳುವುದು."

"ಆ ಸ್ಟೂಲಿನ ಕತೆ ಹೇಳು" ಎಂದರು ಹಕೀಂ. "ಮಡಚುವ ಸ್ಟೂಲು ಡಾಕ್ಟ್ರೇ, ಇಲ್ಲಿಂದ ಹೊತ್ತದ್ದು. ವಿಮಾನದವರು ಇದು ಎಂತ ಅಂತ ಬಿಚ್ಚಿಸಿ ನೋಡಿದ್ರು. ಅಲ್ಲಿ ಲಕ್ಷ ಜನ ಒಟ್ಟಿಗೆ ನೆಲಕ್ಕೆ ಹಣೆ ಇಡುವಾಗ ಇವಳೊಬ್ಬಳು ಮೇಲೆ ಕೂತಿದ್ದಾಳೆ, ಟೀಚರಿನ ಹಾಗೆ. ದೂರದಿಂದ ಹುಡುಕಲಿಕ್ಕೆ ನನಗೆ ಸುಲಭ ಆಯ್ತು."

ಅವರು ನಕ್ಕರು. ಸೌದಾ ನಗಲಿಲ್ಲ, ಕೋಪಿಸಿಕೊಳ್ಳಲೂ ಇಲ್ಲ. ಈ ತಮಾಷೆ ಮನೆಯಲ್ಲಿ ಆರು ವರ್ಷದಿಂದ ಸವೆದಿತ್ತು. ನಿತ್ಯಾನಂದನಿಗೆ ಒಮ್ಮೆಲೇ ಆಯಾಸವಾಯಿತು, ಹೊಸ ಆಯಾಸವಲ್ಲ, ಮೊದಲಿಂದ ಇದ್ದದ್ದು ಎದ್ದು ಹತ್ತಿರ ಬಂದು ಕೂತ ಹಾಗೆ. ಇವರು ಬೈದರೆ ಒಳ್ಳೆಯದಿತ್ತು. ಬೈಗುಳ ಅವನಿಗೆ ಅಭ್ಯಾಸವಿತ್ತು. ಬೆಳ್ತಂಗಡಿಯಲ್ಲಿ ಒಬ್ಬರು ಕರೆಂಟ್ ಸಾಲದೆಂದು ಎಲ್ಲರೆದುರು ಬೈದಿದ್ದರು, ಅದನ್ನು ಊಟದ ಹೊತ್ತಿಗೆ ಮರೆತಿದ್ದ. ಇಲ್ಲಿ ಅವನನ್ನು ನಂಬಿದ್ದರು. ತನ್ನನ್ನು ಇಷ್ಟು ನಂಬಿ ಎಂದು ಅವನು ಯಾರಿಗೂ ಹೇಳಿರಲಿಲ್ಲ, ಅಲ್ಲ, ಹೇಳಿದ್ದ, ಎರಡು ಗೆರೆ ಎಳೆದು ಹೇಳಿದ್ದ.

"ಹಾಗಾದ್ರೆ ಬರೆದು ಕೊಡಿ" ಎಂದರು ಸೌದಾ.

"ಎಂತ?"

"ಬಗ್ಗಬಹುದು ಅಂತ. ಬಗ್ಗಬಾರದು ಅಂತ ಬರೆದಲ್ವಾ ಕೊಟ್ಟದ್ದು? ಅದನ್ನು ಬಾಯಿ ಮಾತಿಗೆ ಬಿಡ್ಲಿಕ್ಕೆ ಆಗ್ತದಾ?"

ಜುವೈರಿಯಾ ಮೊಳೆಯಿಂದ ಚೀಟಿ ತೆಗೆದು ತಂದಳು. ಅವನು ಏಳನೆಯದರ ಮೇಲೆ ಅಡ್ಡಗೆರೆ ಎಳೆಯಹೋದ. ಪ್ಲಾಸ್ಟಿಕ್ಕಿನ ಮೇಲೆ ಪೆನ್ನು ಹಿಡಿಯಲಿಲ್ಲ, ಜಾರಿ ಎಂಟಕ್ಕೆ ಹೋಯಿತು, ಬಣ್ಣವೇ ಬೀಳಲಿಲ್ಲ. ಕೆಳಗೆ, ಪ್ಲಾಸ್ಟಿಕ್ಕಿನೊಳಗೆ, ಅವನ ಹನ್ನೊಂದು ವರ್ಷದ ಹಿಂದಿನ ಎರಡು ಗೆರೆಗಳು ನೀಲಿಯಾಗಿ ಹಾಗೇ ಇದ್ದವು. ಸೌದಾ ಮೊಮ್ಮಗಳು ಹನಾಳ ಶಾಲೆಯ ಪುಸ್ತಕದಿಂದ ಒಂದು ಹಾಳೆ ಹರಿದುಕೊಟ್ಟರು, ಚೌಕಗಳಿದ್ದ ಗಣಿತದ ಹಾಳೆ. ಅವನು ಬರೆದ: 'ಇಂದಿನಿಂದ'. ನಿಲ್ಲಿಸಿದ. ಇಂದಿನಿಂದ ಎಂಬ ಶಬ್ದ ಎಷ್ಟು ಚೆನ್ನಾಗಿ ಬಾಗಿಲು ಮುಚ್ಚುತ್ತದೆಂದು ನೋಡಿದ. ಹಕೀಂ ಚಹಾ ಸೊರ್ರೆಂದು ಕುಡಿಯುವ ಸದ್ದು ಮಾಡಿದರು. ಇಂದಿನಿಂದ ಎಂದು ಬರೆದು ಸಹಿ ಹಾಕಿ ಎದ್ದರೆ ಐದು ನಿಮಿಷದಲ್ಲಿ ಹೆದ್ದಾರಿಯಲ್ಲಿರಬಹುದು. ಆ ಹಾಳೆಗೂ ಲ್ಯಾಮಿನೇಷನ್ ಆಗುತ್ತದೆ, ಅದೇ ಮೊಳೆಗೆ ತೂಗುತ್ತದೆ. ಅದು ಅವನಿಗೆ ಸ್ಪಷ್ಟವಾಗಿ ಕಂಡಿತು, ಮೊಳೆ ಸಮೇತ. 'ಇಂದಿನಿಂದ' ಹೊಡೆದುಹಾಕಿ ಒಂದೊಂದೇ ಚೌಕದಲ್ಲಿ ಒಂದೊಂದೇ ಅಕ್ಷರ ಇಡುವವನ ಹಾಗೆ ಬರೆದ: 'ಏಳನೆಯ ಸೂಚನೆ ಮೊದಲ ಆರು ವಾರಕ್ಕೆ ಮಾತ್ರ. ಪುಸ್ತಕದಲ್ಲಿ ಹಾಗೇ ಇತ್ತು. ನನ್ನ ಝೆರಾಕ್ಸ್ ಪ್ರತಿಯಲ್ಲಿ ಆ ಸಾಲು ಬಿದ್ದಿರಲಿಲ್ಲ. ನಾನು ಪುಸ್ತಕ ನೋಡಲಿಲ್ಲ. ಯಾವ ಕಾರಣಕ್ಕೂ ಎಂಬುದು ನಾನು ಸೇರಿಸಿದ್ದು.' ಸಹಿ, ತಾರೀಕು.

ಸೌದಾ ಏಳನೇ ಕ್ಲಾಸಿನವರೆಗೆ ಕನ್ನಡ ಶಾಲೆಗೆ ಹೋದವರು. ಬೆರಳಿಟ್ಟು, ತುಟಿಯಲ್ಲಿ, ಶಬ್ದ ಶಬ್ದವಾಗಿ ಓದಿದರು. ಕೊನೆಗೆ ಬಂದು ಮತ್ತೆ ಮೊದಲಿಗೆ ಹೋದರು. ಹಕೀಂ "ಎಂತ ಬರ್ದಿದ್ದಾರೆ?" ಎಂದರು.

"ಆರು ವಾರ" ಎಂದರು ಸೌದಾ. "ಹೆತ್ತ ನಲವತ್ತು ದಿನದ ಹಾಗೆ."

ಅವನಿಗೆ ಅರ್ಥವಾಗಲಿಲ್ಲ.

"ಬಾಣಂತಿಗೆ ನಲವತ್ತು ದಿನ ನಮಾಝ್ ಇಲ್ಲ ಡಾಕ್ಟ್ರೇ. ನಲವತ್ತಾದ ಮೇಲೆ ಮಿಂದು ನಾವೇ ನಮಾಝಿಗೆ ನಿಲ್ತೇವೆ, ಯಾರೂ ಬಂದು ಹೇಳುವುದು ಬೇಡ. ಇದೂ ಹಾಗೇ ಇರಬಹುದಾ ಅಂತ ನನಗೆ ಒಮ್ಮೆ ಅನ್ನಿಸಿತ್ತು. ನೋವೂ ಹೋಗಿತ್ತು. ಚಾಪೆ ಬಿಡಿಸಿಯೂ ಇದ್ದೆ." ಹಾಳೆಯನ್ನು ಎರಡಾಗಿ ಮಡಚಿದರು. "ಆಮೇಲೆ ಗೋಡೆ ನೋಡಿದೆ. ಯಾವ ಕಾರಣಕ್ಕೂ ಅಂತ ಇತ್ತು. ಓದಿದವರು ಸುಮ್ಮನೆ ಬರೀತಾರಾ ಅಂತ ಪುನಃ ಮಡಚಿಟ್ಟೆ."

ಕ್ಷಮಿಸಿ ಎನ್ನುವುದು ಕನ್ನಡದಲ್ಲಿ ಭಾಷಣಕ್ಕೆ ಮುಂಚೆ ಹೇಳುವ ಮಾತಿನ ಹಾಗೆ ಕೇಳಿಸುತ್ತದೆ. ನಿತ್ಯಾನಂದ ತುಳುವಿನಲ್ಲಿ ಹೇಳಲು ಹುಡುಕಿದ, ತನ್ನ ಮನೆಯಲ್ಲಿ ಯಾರೂ ಯಾರಿಗೂ ಅದನ್ನು ಹೇಳಿದ ನೆನಪಿರಲಿಲ್ಲ. ಪೇಟೆಯ ಕಡೆಯಿಂದ ಇಳಿಹೊತ್ತಿನ ಅಸರ್ ನಮಾಝಿನ ಬಾಂಗು ಶುರುವಾಯಿತು. "ಚಹಾ ತಣೀತದೆ, ಕುಡೀರಿ" ಎಂದರು ಸೌದಾ. ಜುವೈರಿಯಾ ಒಳಗಿಂದ ಚಾಪೆ ತಂದು ಕುರ್ಚಿಯನ್ನು ಬದಿಗೆ ಸರಿಸಿ ಹಾಸಿದಳು. ಕುರ್ಚಿಯಿದ್ದ ಜಾಗದಲ್ಲಿ ರೆಡ್ಆಕ್ಸೈಡ್ ನೆಲದ ಮೇಲೆ ನಾಲ್ಕು ಮಸುಕು ಗುರುತುಗಳಿದ್ದವು.

"ಒಮ್ಮೆ ಇಳಿದು ನೋಡ್ಲಾ? ನೀವಿರುವಾಗಲೇ" ಎಂದರು ಸೌದಾ, ಮೊದಲ ಸಲ ಸ್ವಲ್ಪ ಅವಸರದಲ್ಲಿ, ಹುಡುಗಿಯ ಹಾಗೆ. ಅವನು ಎದ್ದು ಹೋಗಿ ಪಕ್ಕ ನಿಂತ. ಸೊಸೆಯ ಭುಜ ಹಿಡಿದು ಸೌದಾ ಬಗ್ಗಿದರು. ಬೆನ್ನು ಬಗ್ಗಿತು, ಏನೂ ಆಗಲಿಲ್ಲ, ಯಾವ ಮಣಿಯೂ ಕಳಚಿಬೀಳಲಿಲ್ಲ. ಬೆನ್ನಿಗೆ ಯಾವತ್ತೂ ಏನೂ ಆಗುವುದಿರಲಿಲ್ಲ. ಆಮೇಲೆ ಮಂಡಿ ಮಡಚಲು ಹೋದರು. ಅರ್ಧಕ್ಕೆ ಬಂದು ನಿಂತಿತು. ಇನ್ನೊಮ್ಮೆ ನೋಡಿದರು. ಮುಖ ಬಿಗಿಯಾಯಿತು, ಜುವೈರಿಯಾಳ ಭುಜದ ಮೇಲೆ ಬೆರಳುಗಳು ಬೆಳ್ಳಗಾದವು. "ಸಾಕು, ಸಾಕು ಸೌದಾಕ್ಕ" ಎಂದು ಅವನು ಕುರ್ಚಿಯನ್ನು ತಂದು ಹಿಂದೆ ಹಿಡಿದ.

ಕೂರಿಸಿ, ಬಟ್ಟೆಯ ಮೇಲಿಂದಲೇ ಎರಡೂ ಮಂಡಿ ಮುಟ್ಟಿ ನೋಡಿದ. ಚೀಲದಿಂದ ಕೋನ ಅಳೆಯುವ ಪ್ಲಾಸ್ಟಿಕ್ ಪಟ್ಟಿ ತೆಗೆದು ಅಳೆದ. ಬಲಗಾಲು ನೂರ ಐದು ಡಿಗ್ರಿ, ಎಡ ನೂರ ಎರಡು. ಸುಜೂದಿಗೆ, ಹಣೆ ನೆಲಕ್ಕಿಟ್ಟು ಎದ್ದು ಹಿಮ್ಮಡಿಯ ಮೇಲೆ ಕೂರಲಿಕ್ಕೆ, ನೂರ ನಲವತ್ತಾದರೂ ಬೇಕು. ಹನ್ನೊಂದು ವರ್ಷ ದಿನಕ್ಕೆ ಐದು ಹೊತ್ತು ಮಡಚದೆ ಉಳಿದ ಮಂಡಿ. ಒಂದು ವಿಷಯದಲ್ಲಿ ಮಾತ್ರ ಅವನ ಚೀಟಿ ಕೊನೆಗೂ ಸರಿಯಾಗಿತ್ತು: ನೆಲಕ್ಕೆ ಹಣೆ ಇಡಲು ಈಗ ಅವರಿಂದ ಆಗುತ್ತಿರಲಿಲ್ಲ.

"ಮಂಡಿ ಬಿಗಿದಿದೆ" ಎಂದ. "ದಿನಾ ಸ್ವಲ್ಪ ಸ್ವಲ್ಪ ಮಡಚ್ಬೇಕು. ನಾನು ಬಂದು ಮಾಡಿಸ್ತೇನೆ. ಗುರುವಾರ ಮಾತ್ರ ಅಲ್ಲ, ವಾರಕ್ಕೆ ಮೂರು ಸಲ."

"ಎಷ್ಟು ವಾರ?"

ಅವನ ಬಾಯಿಗೆ ಒಂದು ಸಂಖ್ಯೆ ಬಂತು. ನುಂಗಿದ. "ಗೊತ್ತಿಲ್ಲ. ಪೂರ್ತಿ ಬರ್ತದಾ ಅಂತಲೂ ಗೊತ್ತಿಲ್ಲ. ಓದಿ ನೋಡಿ ಹೇಳ್ತೇನೆ."

ಸೌದಾ ತಲೆಯಾಡಿಸಿದರು. "ಹಾಗಾದ್ರೆ ಈಗ ಎಂತದೂ ಬರೀಬೇಡಿ."

ಅವನು ಹಜಾರಕ್ಕೆ ಬಂದು ಹಕೀ‌ಮರ ಪಕ್ಕ ಕೂತ. ನಡುಕೋಣೆಯ ಬಾಗಿಲು ಅರ್ಧ ಮುಚ್ಚಿಕೊಂಡಿತು. "ನನ್ನ ಕೈಗೆ ಕರೆಂಟ್ ಇಲ್ವಾ ಇವತ್ತು?" ಎಂದರು ಹಕೀಂ, ಎಂದಿಗಿಂತ ಸಣ್ಣ ಧ್ವನಿಯಲ್ಲಿ, ಆಮೇಲೆ ಎದ್ದು ಟೊಪ್ಪಿ ಹುಡುಕಿಕೊಂಡು ಮಸೀದಿಗೆ ಹೊರಟರು. ನಿತ್ಯಾನಂದನ ಫೋನು ಸದ್ದು ಮಾಡಿತು, ವಿಸ್ಮಿತಾಳ ಸಂದೇಶ. ನೋಡಿದವನೇ ಅಭ್ಯಾಸದಿಂದ ಹೆಬ್ಬೆರಳು ಒತ್ತಿದ. ಒತ್ತಿದ ಮೇಲೆ ಓದಿದ: 'ಸರ್, ಮಾಯಿಲಪ್ಪ ಕೇಳ್ತಾ ಇದ್ದಾರೆ. ಏಳನೇದನ್ನು ತೆಗೆಯುವುದಾ, ಆರು ವಾರ ಅಂತ ಸೇರಿಸುವುದಾ?' ಅದಕ್ಕೆ ಹೆಬ್ಬೆರಳು ಉತ್ತರವಾಗುವುದಿಲ್ಲವೆಂದು ಅವನಿಗೆ ಹೊಳೆಯಲು ಸ್ವಲ್ಪ ಹೊತ್ತು ಹಿಡಿಯಿತು. ಸೇರಿಸು ಎಂದು ಬರೆದು, 'ಯಾವ ಕಾರಣಕ್ಕೂ' ತೆಗೆ ಎಂದು ಇನ್ನೊಂದು ಸಂದೇಶ ಬರೆದ. ಒಳಗೆ ಕುರ್ಚಿಯ ಹಲಗೆ ಕಿರುಗುಟ್ಟಿತು.

ಸೌದಾ ಆ ದಿನದ ಅಸರ್ ನಮಾಝನ್ನು ಕುರ್ಚಿಯಲ್ಲಿ ಕೂತೇ ಮಾಡಿದರು.